ಡೇಟಾಬೇಸ್ ಹೈ ಅವೈಲಬಿಲಿಟಿ ಮತ್ತು ಫೇಲೋವರ್ ಕ್ಲಸ್ಟರ್

ಡೇಟಾಬೇಸ್ ಹೊತ್ತ ಯಂತ್ರ ಕೆಟ್ಟರೂ, ಡಿಸ್ಕ್ ಹಾಳಾದರೂ, ಇಡೀ ಡೇಟಾ ಸೆಂಟರ್‌ಗೇ ಕರೆಂಟ್ ಹೋದರೂ ಅದನ್ನು ನೆಚ್ಚಿಕೊಂಡವರ ಕೆಲಸ ನಿಲ್ಲದಂತೆ ನೋಡಿಕೊಳ್ಳುವ ಏರ್ಪಾಡಿಗೆ ಹೈ ಅವೈಲಬಿಲಿಟಿ ಎನ್ನುತ್ತಾರೆ. ಒಂದೇ ಡೇಟಾಬೇಸನ್ನು ನಡೆಸಬಲ್ಲ ಎರಡು ಅಥವಾ ಹೆಚ್ಚು ಸರ್ವರ್‌ಗಳನ್ನು ಗುಂಪಾಗಿ ಕಟ್ಟಿ, ಮುಖ್ಯ ಸರ್ವರ್ ಬಿದ್ದೊಡನೆ ಇನ್ನೊಂದು ಅದರ ಜಾಗದಲ್ಲಿ ನಿಲ್ಲುವಂತೆ ಮಾಡಿದರೆ ಆ ಗುಂಪೇ ಫೇಲೋವರ್ ಕ್ಲಸ್ಟರ್. ಹೊಸ ದಾಖಲೆಗಳನ್ನು ಬರೆದುಕೊಳ್ಳುವ ಸರ್ವರ್ ಪ್ರೈಮರಿ, ಅದರ ಹಿಂದೆ ಸಿದ್ಧವಾಗಿ ಕಾಯುವುದು ಸ್ಟ್ಯಾಂಡ್‌ಬೈ. ಬ್ಯಾಂಕು, ರೈಲು ಟಿಕೆಟ್, ಆಸ್ಪತ್ರೆ, ಷೇರುಪೇಟೆ, ಹೀಗೆ ದಿನನಿತ್ಯದ ಬದುಕಿನ ಬಹುಪಾಲು ವ್ಯವಹಾರ ಇಂದು ಇಂಥ ಏರ್ಪಾಡುಗಳ ಮೇಲೆ ನಿಂತಿದೆ. ಡೇಟಾದ ಇನ್ನೊಂದು ಪ್ರತಿ ಇಟ್ಟುಕೊಳ್ಳಲು ಸಾಧನಗಳು ದಶಕಗಳಿಂದ ಇವೆ. ಉತ್ತರ ಕೊಡದೆ ಕೂತ ಸರ್ವರ್ ಸತ್ತಿದೆಯೋ, ಬರೀ ದಾರಿ ಕಡಿದಿದೆಯೋ ಎಂದು ಕೆಲವೇ ಸೆಕೆಂಡುಗಳಲ್ಲಿ ತೀರ್ಮಾನಿಸಿ, ಆ ತೀರ್ಮಾನ ತಪ್ಪಾದರೂ ಡೇಟಾ ಕೆಡದಂತೆ ಕಾಯುವುದು ಇಂದಿಗೂ ಕಷ್ಟದ ಕೆಲಸ. ಈ ವಿದ್ಯೆಯ ತಿರುಳು ಅದೇ.

ಅಳತೆ

ಲಭ್ಯತೆಯನ್ನು ಶೇಕಡಾ ಲೆಕ್ಕದಲ್ಲಿ ಹೇಳುವುದು ರೂಢಿ. ಶೇ 99.9 ಎಂದರೆ ವರ್ಷದಲ್ಲಿ ಸುಮಾರು 8 ಗಂಟೆ 45 ನಿಮಿಷ ಸೇವೆ ನಿಂತಿರಬಹುದು. ಶೇ 99.99 ಎಂದರೆ ಸುಮಾರು 53 ನಿಮಿಷ, ಶೇ 99.999 ಎಂದರೆ ಐದೂಕಾಲು ನಿಮಿಷ. ರಾತ್ರಿ ಮೂರು ಗಂಟೆಗೆ ಫೋನ್ ಬಂದು ಎದ್ದ ಎಂಜಿನಿಯರ್ ಲ್ಯಾಪ್‌ಟಾಪ್ ತೆರೆದು ಲಾಗಿನ್ ಆಗುವಷ್ಟರಲ್ಲೇ ವರ್ಷವಿಡೀ ಸಿಕ್ಕ ಆ ಐದು ನಿಮಿಷ ತೀರಿಹೋಗಿರುತ್ತದೆ. ಮನುಷ್ಯನ ಕೈಗೆ ಕಾಯದೆ ತಾನೇ ನಿರ್ಧರಿಸುವ ಕ್ಲಸ್ಟರ್ ಬೇಕೆನ್ನಿಸಿದ್ದು ಇದಕ್ಕೇ. ಶೇಕಡಾ ಲೆಕ್ಕಕ್ಕಿಂತ ಹೆಚ್ಚು ಉಪಯುಕ್ತವಾದ ಅಳತೆಗಳು ಇನ್ನೆರಡಿವೆ. ಸೇವೆ ಮತ್ತೆ ಎದ್ದು ನಿಲ್ಲಲು ಎಷ್ಟು ಹೊತ್ತು ಆಗಬಹುದು ಎಂಬುದು ಆರ್‌ಟಿಒ, ಕೊನೆಯ ಎಷ್ಟು ಹೊತ್ತಿನ ಡೇಟಾ ಕಳೆದುಹೋದರೆ ಸಹಿಸಬಹುದು ಎಂಬುದು ಆರ್‌ಪಿಒ. ಇವೆರಡನ್ನೂ ಸೊನ್ನೆಗೆ ಇಳಿಸಬೇಕೆಂದು ಎಲ್ಲರೂ ಕೇಳುತ್ತಾರೆ. ಒಂದನ್ನು ಸೊನ್ನೆಗೆ ತರಲು ಹೋದರೆ ಇನ್ನೊಂದು ಹೇಗೆ ಹಿಗ್ಗುತ್ತದೆ ಎಂಬುದು ಮುಂದೆ ಕಾಣುತ್ತದೆ.

ಇತಿಹಾಸ

ನಿಲ್ಲದ ಕಂಪ್ಯೂಟರನ್ನೇ ಸರಕಾಗಿ ಮಾರಲು ಹೊರಟ ಕಂಪನಿಗಳಲ್ಲಿ ಟ್ಯಾಂಡಮ್ ಮುಖ್ಯವಾದದ್ದು. ಹ್ಯೂಲೆಟ್ ಪ್ಯಾಕರ್ಡ್‌ನಲ್ಲಿದ್ದ ಜೇಮ್ಸ್ ಟ್ರೇಬಿಗ್ 1974ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಕಟ್ಟಿದರು. 1976ರಲ್ಲಿ ಮೊದಲ ನಾನ್‌ಸ್ಟಾಪ್ ಯಂತ್ರ ಸಿಟಿಬ್ಯಾಂಕ್‌ಗೆ ಹೋಯಿತು. ಪ್ರೊಸೆಸರ್, ವಿದ್ಯುತ್ ಪೂರೈಕೆ, ಡಿಸ್ಕಿಗೆ ಹೋಗುವ ದಾರಿ ಎಲ್ಲವೂ ಅದರಲ್ಲಿ ಒಂದಕ್ಕಿಂತ ಹೆಚ್ಚು. ಮುಖ್ಯ ಪ್ರೋಗ್ರಾಮುಗಳಿಗೆ ಬೇರೊಂದು ಪ್ರೊಸೆಸರ್‌ನಲ್ಲಿ ಜೊತೆಗಾರ ಪ್ರೋಗ್ರಾಂ ಇರುತ್ತಿತ್ತು. ಮೊದಲನೆಯದು ತನ್ನ ಕೆಲಸ ಎಲ್ಲಿಗೆ ಬಂದಿದೆ ಎಂದು ಎರಡನೆಯದಕ್ಕೆ ಆಗಾಗ ತಿಳಿಸುತ್ತಿತ್ತು. ತನ್ನಲ್ಲೇ ದೋಷ ಕಂಡ ಭಾಗ ತಪ್ಪು ಉತ್ತರ ಕೊಡುವ ಬದಲು ಕೂಡಲೇ ನಿಂತುಬಿಡಬೇಕೆಂಬುದು ಅಲ್ಲಿನ ಕಟ್ಟುನಿಟ್ಟಿನ ನಿಯಮ. ಇಂದಿನ ಕ್ಲಸ್ಟರ್‌ಗಳಿಗೂ ಅದೇ ಅಡಿಪಾಯ. ಡಿಜಿಟಲ್ ಎಕ್ವಿಪ್‌ಮೆಂಟ್ ಕಂಪನಿ 1983ರಲ್ಲಿ ಪ್ರಕಟಿಸಿದ ವ್ಯಾಕ್ಸ್‌ಕ್ಲಸ್ಟರ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಲವು ಪೂರ್ಣ ಕಂಪ್ಯೂಟರ್‌ಗಳು ಡಿಸ್ಕ್‌ಗಳನ್ನು ಹಂಚಿಕೊಂಡು ಒಂದೇ ವ್ಯವಸ್ಥೆಯಂತೆ ನಡೆಯುವುದನ್ನು ಸಾಧಿಸಿತು. ಯಾರು ಯಾವ ದಾಖಲೆಯನ್ನು ಹಿಡಿದಿದ್ದಾರೆ ಎಂದು ನೋಡುವ ಹಂಚಿದ ಲಾಕ್ ವ್ಯವಸ್ಥೆ, ಬಹುಮತವಿಲ್ಲದೆ ಕೆಲಸ ಮಾಡಬಾರದೆಂಬ ಮತ ಎಣಿಕೆ, ಎರಡೂ ಅದರಲ್ಲಿದ್ದವು.

ಟ್ಯಾಂಡಮ್‌ನಲ್ಲಿದ್ದ ಜಿಮ್ ಗ್ರೇ 1985ರಲ್ಲಿ ಬರೆದ ವರದಿಯೊಂದನ್ನು ಈ ಕ್ಷೇತ್ರದವರು ಇಂದಿಗೂ ಓದುತ್ತಾರೆ. ಕಂಪ್ಯೂಟರ್‌ಗಳು ಏಕೆ ನಿಲ್ಲುತ್ತವೆ ಎಂದು ಅವರು ಗ್ರಾಹಕರ ಯಂತ್ರಗಳ ದಾಖಲೆಗಳನ್ನೇ ಹಿಡಿದು ಎಣಿಸಿದರು. ಯಂತ್ರಾಂಶದ ಪಾಲು ಶೇ 18 ಮಾತ್ರ. ಶೇ 25ಕ್ಕೆ ಸಾಫ್ಟ್‌ವೇರ್ ಕಾರಣವಾಗಿತ್ತು. ಅತಿ ದೊಡ್ಡ ಪಾಲು, ಶೇ 42, ಯಂತ್ರವನ್ನು ನಡೆಸುವ, ಬದಲಿಸುವ, ರಿಪೇರಿ ಮಾಡುವ ಮನುಷ್ಯರ ಕೆಲಸದಿಂದ ಬಂದದ್ದು. ಎರಡು ಯಂತ್ರ ಕೊಂಡರೆ ನಿಶ್ಚಿಂತೆ ಎಂದುಕೊಂಡವರಿಗೆ ಈ ಅಂಕಿಗಳು ಬೇರೆಯದೇ ಮಾತು ಹೇಳಿದವು. ವಹಿವಾಟು ಸಂಸ್ಕರಣೆಯ ಮೇಲಿನ ಕೆಲಸಕ್ಕಾಗಿ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಬಂತು.

ತೊಂಬತ್ತರ ದಶಕದಲ್ಲಿ ಈ ವಿದ್ಯೆ ದುಬಾರಿ ಯಂತ್ರಗಳಿಂದ ಸಾಮಾನ್ಯ ಸರ್ವರ್‌ಗಳಿಗೆ ಇಳಿಯಿತು. ಐಬಿಎಂನ ಎಐಎಕ್ಸ್‌ಗೆ ಎಚ್‌ಎಸಿಎಂಪಿ, ವಿಂಡೋಸ್ ಎನ್‌ಟಿಗೆ 1997ರಲ್ಲಿ ಮೈಕ್ರೋಸಾಫ್ಟ್ ಕ್ಲಸ್ಟರ್ ಸರ್ವರ್, ಲಿನಕ್ಸ್‌ಗೆ ಹಾರ್ಟ್‌ಬೀಟ್, ಆಮೇಲೆ ಪೇಸ್‌ಮೇಕರ್ ಬಂದವು. ಇವುಗಳಲ್ಲಿ ಹೆಚ್ಚಿನವು ಬಳಸಿದ್ದು ಹಂಚಿಕೊಂಡ ಡಿಸ್ಕ್ ವಿಧಾನವನ್ನು. ಡೇಟಾ ಒಂದೇ ಕಡೆ, ದೊಡ್ಡ ಸ್ಟೋರೇಜ್ ಪೆಟ್ಟಿಗೆಯಲ್ಲಿರುತ್ತದೆ. ಒಂದು ಸರ್ವರ್ ಬಿದ್ದರೆ ಇನ್ನೊಂದು ಅದೇ ಡಿಸ್ಕ್‌ಗಳನ್ನು ತನ್ನದಾಗಿಸಿಕೊಂಡು ಡೇಟಾಬೇಸನ್ನು ಎಬ್ಬಿಸುತ್ತದೆ. 2001ರಲ್ಲಿ ಬಂದ ಒರಾಕಲ್ ಆರ್‌ಎಸಿ ಇನ್ನೂ ಮುಂದೆ ಹೋಗಿ, ಎಲ್ಲ ಸರ್ವರ್‌ಗಳೂ ಒಂದೇ ಡಿಸ್ಕ್‌ಗಳ ಮೇಲೆ ಏಕಕಾಲದಲ್ಲಿ ಬರೆಯಲು ಬಿಡುತ್ತದೆ. ಇಲ್ಲಿ ಪ್ರತಿಗಳು ಹೊಂದುತ್ತಿಲ್ಲವೆಂಬ ತಕರಾರೇ ಇಲ್ಲ, ಏಕೆಂದರೆ ಇರುವುದು ಒಂದೇ ಪ್ರತಿ. ಆದರೆ ಆ ಸ್ಟೋರೇಜ್ ಹಾಳಾದರೆ ಎಷ್ಟು ಸರ್ವರ್ ಇದ್ದರೂ ಪ್ರಯೋಜನವಿಲ್ಲ. ಈಗ ಹೆಚ್ಚು ಬಳಕೆಯಲ್ಲಿರುವುದು ಪ್ರತಿಯೊಂದು ಸರ್ವರ್‌ಗೂ ತನ್ನದೇ ಡಿಸ್ಕ್, ತನ್ನದೇ ಪ್ರತಿ ಇರುವ ರೆಪ್ಲಿಕೇಶನ್ ವಿಧಾನ.

ಲಾಗ್ ಮತ್ತು ರೆಪ್ಲಿಕೇಶನ್

ರೆಪ್ಲಿಕೇಶನ್‌ನ ಜೀವಾಳ ಲಾಗ್. ಡೇಟಾಬೇಸ್ ಯಾವ ಬದಲಾವಣೆಯನ್ನೇ ಆಗಲಿ ತನ್ನ ಟೇಬಲ್‌ಗಳ ಫೈಲಿಗೆ ಬರೆಯುವ ಮೊದಲು, ಏನು ಬದಲಾಯಿತು ಎಂಬುದನ್ನು ಕ್ರಮವಾಗಿ ಲಾಗ್‌ಗೆ ಬರೆದು ಡಿಸ್ಕಿಗೆ ಇಳಿಸುತ್ತದೆ. ಅದು ಇಳಿದ ಮೇಲಷ್ಟೇ ವಹಿವಾಟು ಕಮಿಟ್ ಆಯಿತೆಂದು ಗ್ರಾಹಕನಿಗೆ ಉತ್ತರ ಹೋಗುತ್ತದೆ. ಕರೆಂಟ್ ಹೋಗಿ ಬಂದರೆ ಲಾಗ್ ಓದಿ ಅರ್ಧಕ್ಕೆ ನಿಂತ ಕೆಲಸವನ್ನು ಪೂರ್ತಿ ಮಾಡಬಹುದು ಇಲ್ಲವೇ ಅಳಿಸಬಹುದು. ಇದನ್ನು ನಿಖರವಾಗಿ ಮಾಡುವ ಏರೀಸ್ ಎಂಬ ಪದ್ಧತಿಯನ್ನು ಐಬಿಎಂನ ಸಿ. ಮೋಹನ್ ಮತ್ತು ಸಂಗಡಿಗರು 1992ರಲ್ಲಿ ಪ್ರಕಟಿಸಿದರು. ಇಂದಿನ ಎಷ್ಟೋ ಡೇಟಾಬೇಸ್‌ಗಳ ಚೇತರಿಕೆಯ ವಿಧಾನ ಆ ಲೇಖನಕ್ಕೆ ಋಣಿ. ಕುಸಿದ ಯಂತ್ರ ತನ್ನದೇ ಲಾಗ್ ಓದಿ ಚೇತರಿಸಿಕೊಳ್ಳಬಹುದಾದರೆ, ಆ ಲಾಗನ್ನು ಇನ್ನೊಂದು ಯಂತ್ರಕ್ಕೆ ಕಳಿಸುತ್ತ ಹೋದರೆ ಅದೂ ಸದಾ ಅದೇ ಸ್ಥಿತಿಯಲ್ಲಿರುತ್ತದಲ್ಲವೇ? ಸ್ಟ್ಯಾಂಡ್‌ಬೈ ಎಂದರೆ ಎಂದೂ ಮುಗಿಯದ ಚೇತರಿಕೆಯಲ್ಲಿರುವ ಡೇಟಾಬೇಸ್. ಒರಾಕಲ್‌ನ ಡೇಟಾ ಗಾರ್ಡ್, ಡಿಬಿ2ನ ಎಚ್‌ಎಡಿಆರ್, ಎಸ್‌ಕ್ಯೂಎಲ್ ಸರ್ವರ್ 2012ರ ಆಲ್ವೇಸ್ ಆನ್, 2010ರಲ್ಲಿ ಪೋಸ್ಟ್‌ಗ್ರೆಸ್ 9.0ಕ್ಕೆ ಬಂದ ಸ್ಟ್ರೀಮಿಂಗ್ ರೆಪ್ಲಿಕೇಶನ್, ಎಲ್ಲದರ ಬುಡದಲ್ಲಿ ಈ ಒಂದೇ ವಿಚಾರವಿದೆ.

ಲಾಗ್ ಸ್ಟ್ಯಾಂಡ್‌ಬೈಗೆ ತಲುಪಿತೆಂಬ ಖಾತ್ರಿಗೆ ಪ್ರೈಮರಿ ಕಾಯಬೇಕೋ ಬೇಡವೋ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ಕಾಯದಿದ್ದರೆ ಅದು ಅಸಿಂಕ್ರೊನಸ್: ವೇಗವಾಗಿರುತ್ತದೆ, ಆದರೆ ಪ್ರೈಮರಿ ಸುಟ್ಟುಹೋದರೆ ಹೊರಟೂ ತಲುಪದ ಕೊನೆಯ ವಹಿವಾಟುಗಳು ಹೋದಂತೆಯೇ. ಕಾದರೆ ಸಿಂಕ್ರೊನಸ್: ಒಂದೂ ಕಳೆಯುವುದಿಲ್ಲ, ಆದರೆ ಪ್ರತಿ ಕಮಿಟ್‌ಗೂ ದೂರದ ಬೆಲೆ ತೆರಬೇಕು. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗುತ್ತದೆ. ಬೆಂಗಳೂರಿಗೂ ಮುಂಬೈಗೂ ನಡುವೆ 1000 ಕಿ.ಮೀ. ಫೈಬರ್ ಇದೆ ಎಂದು ಹಿಡಿದರೆ ಹೋಗಿಬರಲು 10 ಮಿಲಿಸೆಕೆಂಡು. ಯಾವ ಯಂತ್ರ ಕೊಂಡರೂ ಅದು ಇದಕ್ಕಿಂತ ಕಡಿಮೆಯಾಗದು. ಅದೇ ಊರಿನ ಇನ್ನೊಂದು ಕಟ್ಟಡಕ್ಕಾದರೆ ಒಂದು ಮಿಲಿಸೆಕೆಂಡೂ ಬೇಡ. ಹೀಗಾಗಿ ಹತ್ತಿರದ ಪ್ರತಿಗೆ ಸಿಂಕ್ರೊನಸ್, ದೂರದ ಪ್ರತಿಗೆ ಅಸಿಂಕ್ರೊನಸ್ ಎಂಬ ಜೋಡಿ ಏರ್ಪಾಡು ಬ್ಯಾಂಕುಗಳಲ್ಲಿ ಸಾಮಾನ್ಯ.

ಇಲ್ಲೊಂದು ಇಕ್ಕಟ್ಟಿದೆ. ಸಿಂಕ್ರೊನಸ್ ಸ್ಟ್ಯಾಂಡ್‌ಬೈ ತಾನೇ ಸತ್ತರೆ ಪ್ರೈಮರಿ ಏನು ಮಾಡಬೇಕು? ಪೋಸ್ಟ್‌ಗ್ರೆಸ್‌ನಲ್ಲಿ ಕಮಿಟ್‌ಗಳು ಕಾಯುತ್ತ ನಿಲ್ಲುತ್ತವೆ. ಒರಾಕಲ್‌ನ ಮ್ಯಾಕ್ಸಿಮಮ್ ಪ್ರೊಟೆಕ್ಷನ್ ಆಯ್ಕೆಯಲ್ಲಿ ಪ್ರೈಮರಿ ತನ್ನನ್ನೇ ಮುಚ್ಚಿಕೊಳ್ಳುತ್ತದೆ. ಮೈಎಸ್‌ಕ್ಯೂಎಲ್‌ನ ಸೆಮಿಸಿಂಕ್ ಮಾತ್ರ, ಸೆಟ್ಟಿಂಗ್ ಬದಲಿಸದಿದ್ದರೆ, 10 ಸೆಕೆಂಡು ಕಾದು ಅಸಿಂಕ್ರೊನಸ್‌ಗೆ ಜಾರಿ ಕೆಲಸ ಮುಂದುವರಿಸುತ್ತದೆ. ಈ ಜಾರುವಿಕೆಯನ್ನು ಗಮನಿಸುವ ಎಚ್ಚರಿಕೆ ಗಂಟೆ ಇಡದಿದ್ದರೆ, ಡೇಟಾ ಕಳೆಯುವುದಿಲ್ಲವೆಂದು ನಂಬಿದ ಸಂಸ್ಥೆ ಕಳೆದುಕೊಂಡ ಮೇಲೆಯೇ ಅದನ್ನು ತಿಳಿಯುತ್ತದೆ. ಕನಿಷ್ಠ ಎರಡು ಸ್ಟ್ಯಾಂಡ್‌ಬೈ ಇಟ್ಟು, ಅವುಗಳಲ್ಲಿ ಯಾವುದಾದರೂ ಒಂದು ಒಪ್ಪಿದರೆ ಸಾಕು ಎನ್ನುವುದು ಒಳ್ಳೆಯ ದಾರಿ. ಪೋಸ್ಟ್‌ಗ್ರೆಸ್ 10ರಿಂದ ಅದು ಸಾಧ್ಯವಾಗಿದೆ.

ಸಾವಿನ ತೀರ್ಮಾನ

ಕ್ಲಸ್ಟರ್‌ನ ಸರ್ವರ್‌ಗಳು ಒಂದಕ್ಕೊಂದು ಸೆಕೆಂಡಿಗೊಮ್ಮೆ, ಎರಡು ಸೆಕೆಂಡಿಗೊಮ್ಮೆ ಹಾರ್ಟ್‌ಬೀಟ್ ಎಂಬ ಚಿಕ್ಕ ಸಂದೇಶ ಕಳಿಸುತ್ತಿರುತ್ತವೆ. ನಿಗದಿಯಾದಷ್ಟು ಹೊತ್ತು ಅದು ಬರದಿದ್ದರೆ ಆ ಸರ್ವರ್ ಸತ್ತಿದೆಯೆಂದು ಎಣಿಸಲಾಗುತ್ತದೆ. ಎಷ್ಟು ಹೊತ್ತು ಕಾಯಬೇಕು ಎಂಬ ಸರಳ ಪ್ರಶ್ನೆಗೆ ಸರಿಯುತ್ತರವಿಲ್ಲ. ಐದು ಸೆಕೆಂಡು ಎಂದರೆ, ಡಿಸ್ಕ್ ಕ್ಷಣಕಾಲ ನಿಧಾನವಾಗಿ ಸರ್ವರ್ ತತ್ತರಿಸಿದಾಗಲೂ ಫೇಲೋವರ್ ಆಗುತ್ತದೆ. ಆಗ ಅದೇ ಭಾರ ಹೊಸ ಸರ್ವರ್ ಮೇಲೆ ಬೀಳುತ್ತದೆ. ಅದರ ಮೆಮೊರಿಯಲ್ಲಿ ಇನ್ನೂ ಡೇಟಾ ತುಂಬಿರದ ಕಾರಣ ಅದು ಇನ್ನಷ್ಟು ತತ್ತರಿಸುತ್ತದೆ. ಎರಡು ನಿಮಿಷ ಎಂದರೆ, ನಿಜಕ್ಕೂ ಸತ್ತಾಗ ಎರಡು ನಿಮಿಷ ಎಲ್ಲರೂ ಕಾಯಬೇಕು. ಸಂದೇಶ ಎಷ್ಟು ತಡವಾಗಬಹುದೆಂಬುದಕ್ಕೆ ಮಿತಿಯೇ ಇಲ್ಲದ ಜಾಲದಲ್ಲಿ, ಒಂದೇ ಒಂದು ಯಂತ್ರ ಕೆಡಬಹುದಾದರೂ, ಉಳಿದವು ಒಂದು ನಿರ್ಧಾರಕ್ಕೆ ಬಂದೇ ಬರುತ್ತವೆಂದು ಖಾತ್ರಿ ಕೊಡುವ ವಿಧಾನ ಇರಲಾರದು ಎಂದು ಫಿಶರ್, ಲಿಂಚ್, ಪ್ಯಾಟರ್ಸನ್ 1985ರಲ್ಲಿ ಗಣಿತದಿಂದಲೇ ತೋರಿಸಿದರು. ಹೀಗಾಗಿ ಕಾಯುವ ಹೊತ್ತು ಎಷ್ಟೆಂಬುದು ಯಾವಾಗಲೂ ಅಂದಾಜು. ಆ ಅಂದಾಜು ತಪ್ಪುತ್ತದೆ ಎಂದು ಮೊದಲೇ ಒಪ್ಪಿಕೊಂಡು ಕಟ್ಟಿದ ಕ್ಲಸ್ಟರ್ ಮಾತ್ರ ನಂಬಿಕೆಗೆ ಅರ್ಹ.

ಅಂದಾಜು ತಪ್ಪಿದಾಗ ಆಗುವ ಅನಾಹುತದ ಹೆಸರು ಸ್ಪ್ಲಿಟ್ ಬ್ರೇನ್. ಎರಡು ಸರ್ವರ್‌ಗಳೂ ಬದುಕಿವೆ, ನಡುವಿನ ಜಾಲ ಮಾತ್ರ ಕಡಿದಿದೆ, ಎರಡೂ ತಾನೇ ಪ್ರೈಮರಿ ಎಂದುಕೊಂಡು ಬರೆಯುತ್ತಿವೆ. ಒಂದೇ ಊರಿನ ಪಹಣಿಯನ್ನು ಇಬ್ಬರು ಶಾನುಭೋಗರು ಒಬ್ಬರಿಗೊಬ್ಬರು ತಿಳಿಯದೆ ಎರಡು ಪುಸ್ತಕದಲ್ಲಿ ತಿದ್ದುತ್ತ ಹೋದರೆ ಏನಾಗುತ್ತದೋ ಅದೇ ಇಲ್ಲಿಯೂ ಆಗುತ್ತದೆ. ಎರಡರಲ್ಲೂ ಸತ್ಯವಿರುತ್ತದೆ, ಎರಡನ್ನೂ ಕೂಡಿಸಲು ಬರುವುದಿಲ್ಲ. ಸೇವೆ ಒಂದು ಗಂಟೆ ನಿಂತರೆ ಜನ ಬೈದು ಮತ್ತೆ ಬರುತ್ತಾರೆ. ಖಾತೆಯ ಮೊತ್ತವೇ ಎರಡಾದರೆ ಸರಿಪಡಿಸಲು ವಾರಗಳು ಬೇಕು, ಕಳೆದ ನಂಬಿಕೆ ಬೇಗ ಮರಳುವುದಿಲ್ಲ. ಹಣ, ಆಸ್ತಿ, ಔಷಧಿಯ ದಾಖಲೆಗಳ ವಿಷಯದಲ್ಲಿ ಅನುಮಾನ ಬಂದರೆ ನಿಲ್ಲುವುದೇ ಮೇಲು.

ಇದಕ್ಕೆ ಎರಡು ಕಾವಲುಗಳಿವೆ, ಎರಡೂ ಬೇಕು. ಮೊದಲನೆಯದು ಕೋರಂ. ಮೂರು ಸರ್ವರ್‌ಗಳಲ್ಲಿ ಎರಡು, ಐದರಲ್ಲಿ ಮೂರು ಒಪ್ಪಿದರೆ ಮಾತ್ರ ಹೊಸ ಪ್ರೈಮರಿಯನ್ನು ಆರಿಸಬಹುದು. ಜಾಲ ಹೇಗೇ ಒಡೆದರೂ ಬಹುಮತ ಒಂದೇ ಕಡೆ ಇರಲು ಸಾಧ್ಯ. ಎರಡೇ ಸರ್ವರ್ ಇದ್ದರೆ ಬಹುಮತವೆಂಬ ಮಾತೇ ಇಲ್ಲ. ಅದಕ್ಕೇ ಮೂರನೆಯ ಜಾಗದಲ್ಲಿ, ಡೇಟಾ ಇಲ್ಲದಿದ್ದರೂ ಮತವಿರುವ ಒಂದು ವಿಟ್ನೆಸ್ ಇಡುತ್ತಾರೆ. ವಿಟ್ನೆಸ್ ಅನ್ನು ಪ್ರೈಮರಿ ಇರುವ ಕಟ್ಟಡದಲ್ಲೇ ಇಟ್ಟರೆ ಆ ಕಟ್ಟಡಕ್ಕೆ ಕರೆಂಟ್ ಹೋದ ದಿನ ಎರಡು ಮತಗಳೂ ಒಟ್ಟಿಗೆ ಹೋಗುತ್ತವೆ. ಎರಡನೆಯ ಕಾವಲು ಫೆನ್ಸಿಂಗ್. ಹಳೆಯ ಪ್ರೈಮರಿ ಇನ್ನು ಬರೆಯಲಾರದು ಎಂಬುದನ್ನು ಊಹಿಸದೆ ಖಚಿತ ಮಾಡಿಕೊಳ್ಳುವ ಕ್ರಮ ಅದು. ಸರ್ವರ್‌ನೊಳಗಿನ ಪ್ರತ್ಯೇಕ ಮ್ಯಾನೇಜ್‌ಮೆಂಟ್ ಚಿಪ್ ಮೂಲಕ ಅಥವಾ ಕರೆಂಟ್ ಕೊಡುವ ಪಟ್ಟಿಯ ಮೂಲಕ ಅದನ್ನು ಆರಿಸಿಬಿಡಬಹುದು, ಇಲ್ಲವೇ ಸ್ಟೋರೇಜ್ ಮಟ್ಟದಲ್ಲೇ ಅದರ ಬರೆಯುವ ಹಕ್ಕನ್ನು ಕಿತ್ತುಕೊಳ್ಳಬಹುದು. ಲಿನಕ್ಸ್ ಲೋಕದಲ್ಲಿ ಇದಕ್ಕೆ ಸ್ಟೋನಿತ್ (ಇನ್ನೊಂದು ಯಂತ್ರದ ತಲೆಗೆ ಗುಂಡು ಹೊಡೆ) ಎಂಬ ಒರಟು ಹೆಸರಿದೆ. ಕೈಲಾದರೆ ಬಳಸುವ ಸೌಕರ್ಯವೆಂದು ಇದನ್ನು ಆಫ್ ಮಾಡಿಟ್ಟ ಕ್ಲಸ್ಟರ್‌ಗಳು ಎಷ್ಟೋ ಇವೆ. ಅವು ನಡೆಯುತ್ತಿರುವುದು ಅದೃಷ್ಟದಿಂದ.

ಲೀಸ್ ಎಂಬ ಇನ್ನೊಂದು ಉಪಾಯವಿದೆ. ಪ್ರೈಮರಿಯ ಪಟ್ಟಕ್ಕೆ ಕಾಲಮಿತಿ ಇಟ್ಟು, ಆಗಾಗ ನವೀಕರಿಸಲಾಗದಿದ್ದರೆ ಅದು ತಾನೇ ಕೆಳಗಿಳಿಯಬೇಕೆಂದು ಕಟ್ಟುಮಾಡಲಾಗುತ್ತದೆ. ಪೋಸ್ಟ್‌ಗ್ರೆಸ್ ಜೊತೆ ಬಳಸುವ ಪ್ಯಾಟ್ರೋನಿಯಲ್ಲಿ ಈ ಅವಧಿ, ಬದಲಿಸದಿದ್ದರೆ, 30 ಸೆಕೆಂಡು.

ಜಾಗ ಬದಲಾಗುವ ಹೊತ್ತು

ತೀರ್ಮಾನವಾದ ಮೇಲೆ ಉಳಿದ ಸ್ಟ್ಯಾಂಡ್‌ಬೈಗಳಲ್ಲಿ ಯಾವುದು ಹೆಚ್ಚು ಲಾಗ್ ಪಡೆದಿದೆಯೋ ಅದನ್ನು ಆರಿಸಿ, ಬಂದಿರುವ ಲಾಗನ್ನು ಪೂರ್ತಿ ಅನ್ವಯಿಸಿ, ಬರೆಯಲು ತೆರೆಯಲಾಗುತ್ತದೆ. ಆ ಬಳಿಕ ಅಪ್ಲಿಕೇಶನ್‌ಗಳಿಗೆ ಹೊಸ ವಿಳಾಸ ತಿಳಿಯಬೇಕು. ಎಲ್ಲರೂ ಬಳಸುವ ಒಂದು ವರ್ಚುವಲ್ ಐಪಿ ವಿಳಾಸವನ್ನು ಹೊಸ ಸರ್ವರ್‌ಗೆ ಹಾಕುವುದು, ಡಿಎನ್‌ಎಸ್ ಹೆಸರನ್ನು ತಿರುಗಿಸುವುದು, ನಡುವೆ ಪ್ರಾಕ್ಸಿ ಇಡುವುದು, ಈ ಮೂರೂ ಚಾಲ್ತಿಯಲ್ಲಿವೆ. ಡೇಟಾಬೇಸ್ 20 ಸೆಕೆಂಡಿನಲ್ಲಿ ಎದ್ದರೂ, ಹಳೆಯ ಡಿಎನ್‌ಎಸ್ ಉತ್ತರವನ್ನೇ ಹಿಡಿದು ಕೂತ ಅಪ್ಲಿಕೇಶನ್‌ನಿಂದಾಗಿ ಗ್ರಾಹಕರಿಗೆ ಅರ್ಧ ಗಂಟೆ ಸೇವೆ ಇಲ್ಲದಂತಾಗುವುದುಂಟು. ಕಡಿದ ಸಂಪರ್ಕದ ಕೊನೆಯ ವಹಿವಾಟಿನ ಪ್ರಶ್ನೆಯೂ ಇದೆ: ಕಮಿಟ್ ಎಂದು ಕಳಿಸಿ ಉತ್ತರ ಬರುವ ಮೊದಲೇ ಪ್ರೈಮರಿ ಬಿದ್ದರೆ, ಅದು ಆಯಿತೋ ಇಲ್ಲವೋ ಅಪ್ಲಿಕೇಶನ್‌ಗೆ ಗೊತ್ತಾಗುವುದಿಲ್ಲ. ಪ್ರತಿ ಪಾವತಿಗೂ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಎರಡನೇ ಸಲ ಕಳಿಸಿದರೂ ಒಂದೇ ಸಲ ದಾಖಲಾಗುವಂತೆ ಮಾಡುವ ಹೊಣೆ ಪ್ರೋಗ್ರಾಂ ಬರೆಯುವವರದು. ಯಾವ ಕ್ಲಸ್ಟರೂ ಅದನ್ನು ಅವರ ಪರವಾಗಿ ಮಾಡಿಕೊಡದು.

ಹಳೆಯ ಪ್ರೈಮರಿ ರಿಪೇರಿಯಾಗಿ ಬಂದಾಗ ಅದರಲ್ಲಿ ಹೊಸದಕ್ಕೆ ತಲುಪದ ಕೆಲವು ದಾಖಲೆಗಳು ಇರಬಹುದು. ಅದನ್ನು ನೇರವಾಗಿ ಸೇರಿಸಿಕೊಳ್ಳುವಂತಿಲ್ಲ. ಕವಲೊಡೆದ ಜಾಗಕ್ಕೆ ಹಿಂದಿರುಗಿಸಿ ಹೊಸ ಲಾಗ್ ಹಾಕುವ ಪಿಜಿ ರಿವೈಂಡ್‌ನಂಥ ಸಾಧನಗಳಿವೆ. ಆದರೆ ಹಾಗೆ ಹಿಂದಿರುಗಿಸಿದಾಗ ಅಳಿಯುವ ದಾಖಲೆಗಳು ಯಾರದೋ ನಿಜವಾದ ಕೆಲಸ ಎಂಬುದನ್ನು ಮರೆಯಬಾರದು.

ಗಿಟ್‌ಹಬ್‌ನ 43 ಸೆಕೆಂಡು

ಇದೆಲ್ಲ ಒಂದೇ ಘಟನೆಯಲ್ಲಿ ಕಂಡದ್ದು 2018ರ ಅಕ್ಟೋಬರ್ 21ರಂದು. ಪ್ರೋಗ್ರಾಂ ಬರೆಯುವವರು ತಮ್ಮ ಕೋಡ್ ಇಡುವ ತಾಣವಾದ ಗಿಟ್‌ಹಬ್‌ನ ಅಮೆರಿಕದ ಪೂರ್ವ ಕರಾವಳಿಯ ಜಾಲಕೇಂದ್ರದಲ್ಲಿ ಹಾಳಾಗುತ್ತಿದ್ದ ಆಪ್ಟಿಕಲ್ ಉಪಕರಣ ಬದಲಿಸುವಾಗ ಮುಖ್ಯ ಡೇಟಾ ಸೆಂಟರ್‌ನ ಸಂಪರ್ಕ ಕಡಿಯಿತು. 43 ಸೆಕೆಂಡಿನಲ್ಲಿ ಮತ್ತೆ ಬಂತು. ಅಷ್ಟರೊಳಗೆ ಅವರ ಮೈಎಸ್‌ಕ್ಯೂಎಲ್ ಕ್ಲಸ್ಟರ್‌ಗಳನ್ನು ನೋಡಿಕೊಳ್ಳುವ ಆರ್ಕೆಸ್ಟ್ರೇಟರ್, ಪಶ್ಚಿಮ ಕರಾವಳಿ ಮತ್ತು ಪೂರ್ವದ ಕ್ಲೌಡ್‌ನಲ್ಲಿದ್ದ ಮತಗಳನ್ನು ಕೂಡಿಸಿ, ನಿಯಮದಂತೆ ಬಹುಮತ ಪಡೆದು, ಪಶ್ಚಿಮದ ಸರ್ವರ್‌ಗಳನ್ನು ಪ್ರೈಮರಿ ಮಾಡಿತು. ಪೂರ್ವದಲ್ಲಿ ಪಶ್ಚಿಮಕ್ಕೆ ತಲುಪದ ಕೆಲವು ಸೆಕೆಂಡುಗಳ ದಾಖಲೆಗಳು ಉಳಿದಿದ್ದವು. ಪಶ್ಚಿಮ ಹೊಸ ದಾಖಲೆಗಳನ್ನು ಬರೆದುಕೊಳ್ಳತೊಡಗಿತ್ತು. ಎರಡರಲ್ಲೂ ಇನ್ನೊಂದರಲ್ಲಿಲ್ಲದ್ದು ಇದ್ದುದರಿಂದ ಸುಮ್ಮನೆ ಹಿಂದಕ್ಕೆ ತಿರುಗಿಸುವಂತಿರಲಿಲ್ಲ. ಪೂರ್ವದಲ್ಲೇ ಉಳಿದ ಅಪ್ಲಿಕೇಶನ್‌ಗಳು ಪ್ರತಿ ಬರಹಕ್ಕೂ ಖಂಡದ ಇನ್ನೊಂದು ತುದಿಗೆ ಹೋಗಿಬರಬೇಕಾಯಿತು. ಸೇವೆ ಬೇಗ ತೆರೆಯುವುದಕ್ಕಿಂತ ಬಳಕೆದಾರರ ಡೇಟಾ ಉಳಿಸುವುದು ಮುಖ್ಯವೆಂದು ಆ ತಂಡ ನಿರ್ಧರಿಸಿತು. ಟೆರಾಬೈಟ್‌ಗಟ್ಟಲೆ ಬ್ಯಾಕಪ್ ತಂದು, ಪ್ರತಿಗಳನ್ನು ಮತ್ತೆ ಕಟ್ಟಿ, ಎಲ್ಲ ಸರಿಯಾಗುವಷ್ಟರಲ್ಲಿ 24 ಗಂಟೆ 11 ನಿಮಿಷ ಕಳೆದಿತ್ತು. ಅವರ ಅತಿ ಬಿಡುವಿಲ್ಲದ ಕ್ಲಸ್ಟರ್‌ಗಳಲ್ಲೊಂದರಲ್ಲಿ ಪಶ್ಚಿಮಕ್ಕೆ ತಲುಪದೆ ಉಳಿದದ್ದು 954 ಬರಹಗಳು. ಆ ನಿರ್ಧಾರ ಸರಿಯಾದದ್ದು, ಅದನ್ನು ವಿವರವಾಗಿ ಬರೆದು ಪ್ರಕಟಿಸಿದ್ದಂತೂ ಇಡೀ ಕ್ಷೇತ್ರಕ್ಕೆ ಮಾಡಿದ ಉಪಕಾರ. ಆರ್ಕೆಸ್ಟ್ರೇಟರ್ ತನಗೆ ಹೇಳಿದ್ದನ್ನೇ ಮಾಡಿತ್ತು. ಪ್ರದೇಶದ ಗಡಿ ದಾಟಿ ಪ್ರೈಮರಿ ಬದಲಾದರೆ ಅಪ್ಲಿಕೇಶನ್‌ಗಳ ಗತಿ ಏನು ಎಂದು ಮಾತ್ರ ಸೆಟ್ಟಿಂಗ್‌ನಲ್ಲಿ ಯಾರೂ ಹೇಳಿರಲಿಲ್ಲ. ಆಮೇಲೆ ಗಡಿ ದಾಟುವ ಆಯ್ಕೆಯನ್ನೇ ಮುಚ್ಚಲಾಯಿತು.

ಒಮ್ಮತದ ವಿಧಾನಗಳು

ಬಹುಮತದ ಮೇಲೆ ನಿಂತ ತೀರ್ಮಾನಕ್ಕೆ ಗಟ್ಟಿ ತಳಪಾಯ ಕೊಟ್ಟದ್ದು ಲೆಸ್ಲಿ ಲ್ಯಾಂಪೋರ್ಟ್ 1998ರಲ್ಲಿ ಪ್ರಕಟಿಸಿದ ಪ್ಯಾಕ್ಸೋಸ್ ಮತ್ತು ಅದಕ್ಕೂ ಮೊದಲು, 1988ರಲ್ಲಿ, ಬ್ರಯಾನ್ ಓಕಿ ಮತ್ತು ಬಾರ್ಬರಾ ಲಿಸ್ಕೋವ್ ಬರೆದ ವ್ಯೂಸ್ಟ್ಯಾಂಪ್ಡ್ ರೆಪ್ಲಿಕೇಶನ್. ಪ್ಯಾಕ್ಸೋಸ್ ಓದಿ ಅರಗಿಸಿಕೊಳ್ಳುವುದು ಕಷ್ಟವೆಂಬ ದೂರಿಗೆ ಉತ್ತರವಾಗಿ ಡಿಯೇಗೋ ಒಂಗಾರೋ ಮತ್ತು ಜಾನ್ ಔಸ್ಟರ್‌ಹೌಟ್ 2014ರಲ್ಲಿ ರಾಫ್ಟ್ ಕೊಟ್ಟರು. ಇಟಿಸಿಡಿಯಂಥ ಸಾಧನಗಳ ಒಳಗಿರುವುದು ಅದೇ. ಪ್ಯಾಟ್ರೋನಿ ಪ್ರೈಮರಿಯ ಪಟ್ಟವನ್ನು ಇಡುವುದು ಇಂಥ ಸಾಧನಗಳಲ್ಲಿ. ಗೂಗಲ್‌ನ ಸ್ಪ್ಯಾನರ್ ಒಮ್ಮತವನ್ನು ಡೇಟಾಬೇಸ್‌ನ ಹೊಟ್ಟೆಯೊಳಗೇ ತಂದಿತು: ಪ್ರತಿ ಬರಹವೂ ಬಹುಮತ ಪಡೆದೇ ಕಮಿಟ್ ಆಗುವುದರಿಂದ ಕಮಿಟ್ ಆದ ದಾಖಲೆ ಫೇಲೋವರ್‌ನಲ್ಲಿ ಕಳೆಯುವ ಪ್ರಶ್ನೆಯೇ ಏಳುವುದಿಲ್ಲ. ಅಮೆಜಾನ್ ಅರೋರಾ ಮೂರು ವಲಯಗಳಲ್ಲಿ ಆರು ಪ್ರತಿ ಇಟ್ಟು, ಬರೆಯಲು ನಾಲ್ಕರ ಒಪ್ಪಿಗೆ ಕೇಳುತ್ತದೆ. ಬಹುಮತ ಕಳೆದುಕೊಂಡ ಕಡೆ ಬರಹ ನಿಲ್ಲುವುದು ಇವೆಲ್ಲಕ್ಕೂ ತಪ್ಪಿದ್ದಲ್ಲ.

ಬ್ಯಾಕಪ್ ಬೇರೆ

ರೆಪ್ಲಿಕೇಶನ್ ಇದ್ದರೆ ಬ್ಯಾಕಪ್ ಬೇಡ ಎಂಬ ತಿಳಿವಳಿಕೆ ಅಪಾಯಕಾರಿ. ತಪ್ಪಾಗಿ ಅಳಿಸಿದ ಟೇಬಲ್ ಸ್ಟ್ಯಾಂಡ್‌ಬೈಯಲ್ಲೂ ಮರುಕ್ಷಣವೇ ಅಳಿಯುತ್ತದೆ. 2017ರ ಜನವರಿ 31ರಂದು, ಗಿಟ್‌ಹಬ್‌ನಂಥದ್ದೇ ತಾಣವಾದ ಗಿಟ್‌ಲ್ಯಾಬ್‌ನ ಎಂಜಿನಿಯರ್ ಒಬ್ಬರು ಹಿಂದುಳಿದ ಸ್ಟ್ಯಾಂಡ್‌ಬೈಯನ್ನು ಮತ್ತೆ ಕಟ್ಟಲು ಹೋಗಿ, ಪ್ರೈಮರಿಯ ಡೇಟಾ ಫೋಲ್ಡರನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ತೆಗೆಯುವ ಪ್ರೋಗ್ರಾಂನ ಆವೃತ್ತಿ ಡೇಟಾಬೇಸ್‌ಗೆ ಹೊಂದದೆ ದಿನವೂ ಸೋಲುತ್ತಿತ್ತು. ಅದನ್ನು ತಿಳಿಸುವ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಯಾರೋ ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟ ಸ್ನ್ಯಾಪ್‌ಶಾಟ್ ಒಂದರಿಂದ ಅವರು ಚೇತರಿಸಿಕೊಂಡರು. ಗ್ರೇ ಎಣಿಸಿದ ಶೇ 42 ಇಂಥದ್ದೇ. ಕೆಲವರು ಒಂದು ಸ್ಟ್ಯಾಂಡ್‌ಬೈಯನ್ನು ಬೇಕೆಂದೇ ಒಂದೆರಡು ಗಂಟೆ ಹಿಂದೆ ಇಟ್ಟಿರುತ್ತಾರೆ. ತಪ್ಪು ಅದಕ್ಕೆ ತಲುಪುವ ಮೊದಲು ತಡೆಯಲು ಅಷ್ಟು ಹೊತ್ತು ಸಿಗುತ್ತದೆ.

ದೂರದ ಕೇಂದ್ರ ಮತ್ತು ತಾಲೀಮು

ನೆರೆ, ಬೆಂಕಿ, ಭೂಕಂಪಕ್ಕೆ ಇಡೀ ಊರೇ ಸಿಕ್ಕಬಹುದಾದ್ದರಿಂದ ದೂರದ ಇನ್ನೊಂದು ಊರಿನಲ್ಲಿ ಡಿಆರ್ (ವಿಪತ್ತು ಚೇತರಿಕೆ) ಕೇಂದ್ರ ಇಡುತ್ತಾರೆ. ಆಧಾರ್ ಪ್ರಾಧಿಕಾರದ ಡೇಟಾ ಸೆಂಟರ್‌ಗಳು ಬೆಂಗಳೂರು ಮತ್ತು ಹರಿಯಾಣದ ಮಾನೇಸರ್, ಹೀಗೆ ಎರಡು ದಿಕ್ಕಿನಲ್ಲಿವೆ. ಕೇಂದ್ರ ಇದ್ದರಷ್ಟೇ ಸಾಲದೆಂದು ತೋರಿಸಿದ್ದು 2021ರ ಫೆಬ್ರವರಿ 24. ಅಂದು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಬೆಳಿಗ್ಗೆ 11.40ಕ್ಕೆ ವಹಿವಾಟು ನಿಂತು, ಮತ್ತೆ ಶುರುವಾದದ್ದು ಮಧ್ಯಾಹ್ನ 3.45ಕ್ಕೆ. ಡಿಆರ್ ಕೇಂದ್ರಕ್ಕೆ ಏಕೆ ಹೋಗಲಿಲ್ಲವೆಂದು ಷೇರುಪೇಟೆಯ ನಿಯಂತ್ರಕ ಸೆಬಿ ವಿವರಣೆ ಕೇಳಿತು. ಮರುತಿಂಗಳು ಹೊರಡಿಸಿದ ಸುತ್ತೋಲೆಯಲ್ಲಿ, ಮುಖ್ಯ ವ್ಯವಸ್ಥೆ ಕೆಟ್ಟ 30 ನಿಮಿಷದೊಳಗೆ ಅದನ್ನು ವಿಪತ್ತೆಂದು ಘೋಷಿಸಬೇಕು, ಅಲ್ಲಿಂದ 45 ನಿಮಿಷದೊಳಗೆ ಸೇವೆ ಏಳಬೇಕು ಎಂದು ವಿಧಿಸಿತು. ತೀರ್ಮಾನಕ್ಕೂ ಗಡುವು ಹಾಕಿದ್ದು ಈ ನಿಯಮದ ದೊಡ್ಡ ಗುಣ. ಎಷ್ಟೋ ಸಂಸ್ಥೆಗಳಲ್ಲಿ ತಂತ್ರಜ್ಞಾನ ಸಿದ್ಧವಿದ್ದರೂ, ಹೋಗೋಣ ಎಂದು ಹೇಳುವ ಧೈರ್ಯ ಯಾರಿಗೂ ಇಲ್ಲದೆ ಗಂಟೆಗಳು ಕಳೆಯುತ್ತವೆ.

ಆ ಧೈರ್ಯ ಬರುವುದು ತಾಲೀಮಿನಿಂದ. ಯೋಜಿಸಿ ಮಾಡುವ ಜಾಗ ಬದಲಾವಣೆಗೆ ಸ್ವಿಚೋವರ್ ಎನ್ನುತ್ತಾರೆ. ಪ್ರೈಮರಿ ಬರಹ ನಿಲ್ಲಿಸಿ, ಕೊನೆಯ ಲಾಗ್ ಕಳಿಸಿ, ಅದು ತಲುಪಿದ ಮೇಲೆ ಪಟ್ಟ ಬಿಟ್ಟುಕೊಡುತ್ತದೆ. ಸಾಫ್ಟ್‌ವೇರ್ ಹೊಸದು ಹಾಕುವಾಗಲೆಲ್ಲ ಇದನ್ನೇ ಬಳಸುವ ತಂಡಗಳಿಗೆ ನಿಜವಾದ ಫೇಲೋವರ್ ಪರಿಚಿತ ಕೆಲಸವಾಗಿಬಿಡುತ್ತದೆ. ಷೇರು ವಿನಿಮಯ ಕೇಂದ್ರ 2024ರ ಮಾರ್ಚ್ 2 ಮತ್ತು ಮೇ 18ರ ಶನಿವಾರಗಳಂದು ನಿಜವಾದ ಹಣ, ನಿಜವಾದ ಷೇರುಗಳೊಂದಿಗೇ ಇಂಥ ತಾಲೀಮು ನಡೆಸಿತು. ಬೆಳಗಿನ ಅವಧಿಯ ವಹಿವಾಟು ಮುಖ್ಯ ಕೇಂದ್ರದಿಂದ ನಡೆಯಿತು, ಬಿಡುವಿನಲ್ಲಿ ಎಲ್ಲವೂ ಡಿಆರ್ ಕೇಂದ್ರಕ್ಕೆ ಬದಲಾಯಿತು, ಎರಡನೆಯ ಅವಧಿ ಅಲ್ಲಿಂದಲೇ ಮುಗಿಯಿತು.